ಹರಿದ ಅಂಗಿಯ ಅರ್ಹತಾ ಸುತ್ತು

ಪ್ರಪಂಚದಲ್ಲಿ ಬಗೆಬಗೆಯ ಆಟಗಳಿವೆ ಎಂದು ತಿಳಿದವರು ಹೇಳುತ್ತಾರೆ. ಬಟ್ಟೆ ಅಂಗಡಿಯಲ್ಲಿ ಕುಳಿತವನ ಪಾಲಿಗೆ ಆಟಗಳಲ್ಲಿ ಇರುವುದು ಎರಡೇ ಬಗೆ, ಅರ್ಧ ತೋಳಿನದು ಮತ್ತು ಪೂರ್ತಿ ತೋಳಿನದು. ಮಂಗಳೂರಿನ ಬಿಜೈಯಲ್ಲಿ ಬಸ್‌ ನಿಲ್ದಾಣದಿಂದ ಸ್ವಲ್ಪ ಈಚೆಗೆ ನನ್ನದೊಂದು ಅಂಗಡಿ ಇದೆ. ಶಾಲೆಗಳಿಗೆ ಯೂನಿಫಾರ್ಮು, ಕ್ರೀಡಾಕೂಟಗಳಿಗೆ ಜೆರ್ಸಿ, ಹಬ್ಬಕ್ಕೆ ಏನು ಕೇಳಿದರೆ ಅದು. ಟಿವಿಯಲ್ಲಿ ಯಾರಾದರೂ ಸಿಕ್ಸರ್‌ ಹೊಡೆದರೆ ಮನೆಯವರೆಲ್ಲ ಚೆಂಡು ಎಲ್ಲಿ ಹೋಯಿತೆಂದು ನೋಡುತ್ತಾರೆ. ನಾನು ಹೊಡೆದವನ ಕಂಕುಳ ಹೊಲಿಗೆ ನೋಡುತ್ತೇನೆ. ಹೀಗಿರುವುದರಿಂದ ಆಟಗಳ ವಿಷಯದಲ್ಲಿ ನನಗೆ ಯಾವ ಪಕ್ಷಪಾತವೂ ಇಲ್ಲ. ಎಲ್ಲ ಆಟಗಳೂ ನನಗೆ ಸಮಾನ, ಅಂದರೆ ಯಾವುದೂ ತಿಳಿಯದು.

ಇಂಥ ನನ್ನ ಮನೆಗೇ ರಗ್ಬಿ ಬಂತು. ತಂದವಳು ಮಗಳು ರಮೀಝಾ. ಕಾಲೇಜಿಗೆ ಹೋಗಿ ಎರಡನೇ ವರ್ಷ, ಒಂದು ಸಂಜೆ ಮೊಣಕೈಯಿಂದ ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು ಬಂದಳು. ಸ್ಕೂಟರಿನಿಂದ ಬಿದ್ದೆಯಾ ಎಂದು ಕೇಳಿದೆ. ಬಿದ್ದದ್ದು ಹೌದಂತೆ, ಆದರೆ ಬೇಕೆಂದೇ ಬಿದ್ದದ್ದಂತೆ. ನಾವು ಮನೆಯಲ್ಲಿ ಮಾತಾಡುವುದು ಬ್ಯಾರಿ ಭಾಷೆ. ಅದನ್ನು ಇಲ್ಲಿ ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಓದುವವರು ಅಂದಾಜು ಮಾಡಿಕೊಳ್ಳಬೇಕು. ನನ್ನ ಹೆಂಡತಿ ಜೊಹರಾ ಕೇಳಿದ್ದು ಒಂದೇ ಪ್ರಶ್ನೆ. “ಮೈ ಮುಚ್ಚುವ ಹಾಗೆ ಬಟ್ಟೆ ಉಂಟಾ?”

“ಒಳಗೆ ಪೂರ್ತಿ ಕೈ, ಪೂರ್ತಿ ಕಾಲು ಮುಚ್ಚುವ ಕಪ್ಪು ಬಟ್ಟೆ ಉಂಟು ಉಮ್ಮ. ತಲೆಗೆ ಟೊಪ್ಪಿ ಸಹ ಉಂಟು. ಜೆರ್ಸಿ ಅದರ ಮೇಲೆ.”

“ಹಾಗಾದರೆ ಆಡು. ಯಾರಾದರೂ ಬೀಳಿಸಿದರೆ ನೀನೂ ಬೀಳಿಸು.”

ಇಷ್ಟರಲ್ಲಿ ಒಂದು ದೊಡ್ಡ ಚರ್ಚೆ ಮುಗಿದುಹೋಯಿತು. ನಾನು ಬಾಗಿಲ ಬಳಿ ಗಂಟಲು ಸರಿಮಾಡಿಕೊಂಡು ನಿಂತದ್ದು ಹಾಗೆಯೇ ಉಳಿಯಿತು. ಆಟದ ನಿಯಮ ತಿಳಿಯಲು ನಾನು ಭಾವ ರಫೀಕನ ಬಳಿಗೆ ಹೋದೆ. ರಫೀಕ್‌ ಜೊಹರಾಳ ಅಣ್ಣ, ಬಹಳ ವರ್ಷ ದುಬೈಯಲ್ಲಿ ಒಂದು ಕೆಫೆಟೇರಿಯ ನೋಡಿಕೊಂಡಿದ್ದವನು. ಅಲ್ಲಿ ಗಿರಾಕಿಗಳು ರಗ್ಬಿ ನೋಡುತ್ತಿದ್ದರೆಂಬ ಒಂದೇ ಕಾರಣಕ್ಕೆ ನಮ್ಮ ಕುಟುಂಬದಲ್ಲಿ ಅವನು ಆ ಆಟದ ಪಂಡಿತ. “ಚೆಂಡು ಮುಂದಕ್ಕೆ ಎಸೆಯಲಿಕ್ಕಿಲ್ಲ ಮಾರಾಯ,” ಎಂದು ವಿವರಿಸಿದ. “ಹಿಂದಕ್ಕೇ ಎಸೆಯಬೇಕು. ಎಸೆದು ಮುಂದೆ ಓಡಬೇಕು. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕ.” ಹಾಗೆ ಓಡುವಾಗ ಎದುರಾಳಿಗಳು ಏನು ಮಾಡುತ್ತಾರೆಂದು ಕೇಳಿದೆ. “ಹಿಡಿದು ಬೀಳಿಸ್ತಾರೆ.” ಎಲ್ಲಿ ಹಿಡಿಯುತ್ತಾರೆಂದು ಕೇಳಲಿಲ್ಲ. ಬಟ್ಟೆ ವ್ಯಾಪಾರಿಯಾಗಿ ನಾನು ಕೇಳಲೇಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು.

ಕೆಲವು ತಿಂಗಳ ನಂತರ ರಮೀಝಾಳ ಕಾಲೇಜಿನ ಕ್ರೀಡಾ ಶಿಕ್ಷಕಿ ಐರಿನ್‌ ಟೀಚರ್‌ ಅಂಗಡಿಗೆ ಬಂದರು. ತೆಳ್ಳಗೆ, ಕುತ್ತಿಗೆಯಲ್ಲಿ ಸದಾ ಒಂದು ಸೀಟಿ, ಮಾತು ಕೂಡ ಸೀಟಿಯಷ್ಟೇ ಚಿಕ್ಕದು. ಕೊಲಂಬೊದಲ್ಲಿ ಕಾಲೇಜು ಹುಡುಗಿಯರ ಅಂತರರಾಷ್ಟ್ರೀಯ ರಗ್ಬಿ ಪಂದ್ಯಾವಳಿ ಇದೆಯಂತೆ. ದಕ್ಷಿಣದ ರಾಜ್ಯಗಳಿಂದ ಒಂದೇ ತಂಡ ಹೋಗಬಹುದು. ಅದರ ಅರ್ಹತಾ ಸುತ್ತು ಈ ಸಲ ನಮ್ಮಲ್ಲೇ, ವಾಮಂಜೂರಿನ ಒಂದು ಕಾಲೇಜು ಮೈದಾನದಲ್ಲಿ. ತಂಡಕ್ಕೆ ಜೆರ್ಸಿ ಬೇಕು.

ನನ್ನ ಮಗಳ ತಂಡ. ನಾನು ಜೆರ್ಸಿ ಉಚಿತವಾಗಿ ಕೊಡುವೆನೆಂದೆ. ಬೆನ್ನ ಮೇಲೆ ಅಂಗಡಿಯ ಹೆಸರು ಹಾಕಿಸುತ್ತೇನೆಂದು ಸ್ವಲ್ಪ ಮೆಲ್ಲಗೆ ಹೇಳಿದೆ. ಟೀಚರಿಗೆ ಆಕ್ಷೇಪವಿರಲಿಲ್ಲ. ಹೊಸದಾಗಿ ತಿರುಪ್ಪೂರಿನಿಂದ ಬಂದ ಒಂದು ಬಟ್ಟೆ ತೋರಿಸಿದೆ. ಜೇಡರ ಬಲೆಯ ಹಾಗೆ ಹಗುರ, ಊದಿದರೆ ಆಚೆ ಕಡೆ ಗಾಳಿ ಬರುತ್ತದೆ.

“ಇದು ಗಟ್ಟಿ ಉಂಟಾ ಹಮೀದ್‌ ಭಾಯ್‌? ರಗ್ಬಿಗೆ ಅಲ್ವಾ?”

“ಟೀಚರ್‌, ನಮ್ಮ ಮಂಗಳೂರಿನ ಸೆಕೆಗೆ ಇದೇ ಆಗಬೇಕು. ಬೆವರು ಒಂಚೂರೂ ನಿಲ್ಲುದಿಲ್ಲ.”

“ಬೆವರು ನಿಲ್ಲದಿದ್ದರೆ ಬೇಡ. ಅಂಗಿ ನಿಲ್ಲುತ್ತದಾ?”

ನಾನು ನಕ್ಕೆ. ಗಿರಾಕಿಗಳಿಗೆ ಬಟ್ಟೆಯ ವಿಷಯದಲ್ಲಿರುವ ಅಜ್ಞಾನವನ್ನು ಕ್ಷಮಿಸುವಾಗ ನಾನು ನಗುವ ನಗೆ ಅದು. ತಂದೆಯ ಕಾಲದಿಂದ ವ್ಯಾಪಾರದಲ್ಲಿರುವ ಮನುಷ್ಯ ಹಾಗೆ ನಕ್ಕ ಮೇಲೆ ಟೀಚರ್‌ ಬೇರೇನೂ ಕೇಳಲಿಲ್ಲ.

ಅರ್ಹತಾ ಸುತ್ತಿನ ದಿನ ನಾನೂ ರಫೀಕನೂ ವಾಮಂಜೂರಿಗೆ ಹೋದೆವು. ಮೊನ್ನೆಮೊನ್ನೆಯ ತನಕ ಗದ್ದೆಯಾಗಿದ್ದ ಜಾಗ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಬೇಲಿಯಾಚೆ ಇನ್ನೂ ಭತ್ತ ನಿಂತಿತ್ತು, ಈಚೆ ಸುಣ್ಣದ ಗೆರೆ. ಬೆಳಿಗ್ಗೆ ಸೆಮಿಫೈನಲ್‌, ಮಧ್ಯಾಹ್ನ ಫೈನಲ್‌. ಒಂದು ತಂಡಕ್ಕೆ ಏಳು ಮಂದಿ ಆಡುವ ಬಗೆ, ಒಂದು ಚಹಾ ಕುಡಿದು ಗ್ಲಾಸು ಹಿಂದೆ ಕೊಡುವಷ್ಟರಲ್ಲಿ ಅರ್ಧ ಆಟ ಮುಗಿಯುತ್ತದೆ. ನಮ್ಮ ಹುಡುಗಿಯರು ಹೊಸ ನೀಲಿ ಜೆರ್ಸಿಯಲ್ಲಿ ಮೈದಾನಕ್ಕಿಳಿದರು. ಬೆನ್ನ ಮೇಲೆ ಅಂಗಡಿಯ ಹೆಸರು ಬಿಸಿಲಿಗೆ ಹೊಳೆಯಿತು. ನಾನು ಪಕ್ಕದಲ್ಲಿ ನಿಂತ ಅಪರಿಚಿತರೊಬ್ಬರಿಗೆ ಆ ಅಂಗಡಿ ಬಿಜೈಯಲ್ಲಿ ಎಲ್ಲಿದೆ ಎಂದು ಅವರು ಕೇಳದಿದ್ದರೂ ತಿಳಿಸಿದೆ.

ಎದುರಾಳಿ ಬೆಂಗಳೂರಿನ ತಂಡ. ಆಟ ಶುರುವಾಗಿ ಸ್ವಲ್ಪದರಲ್ಲೇ ರಮೀಝಾಳ ಕೈಗೆ ಚೆಂಡು ಬಂತು. ಅವಳು ಓಡಿದಳು. ಗಟ್ಟಿಮುಟ್ಟಾದ ಒಬ್ಬ ಹುಡುಗಿ ಹಿಂದಿನಿಂದ ಬಂದು ಅವಳ ಬೆನ್ನಿನ ಜೆರ್ಸಿಯನ್ನು ಹಿಡಿದಳು. ಪರ್ರ್‌ ಎಂದು ಒಂದು ಸದ್ದಾಯಿತು. ಆ ಸದ್ದು ಮೈದಾನದಲ್ಲಿ ಉಳಿದವರಿಗೆ ಕೇಳಿಸಿತೋ ಇಲ್ಲವೋ, ನನಗೆ ದೂರದ ಕೂಳೂರು ಸೇತುವೆಯ ಮೇಲೆ ನಿಂತಿದ್ದರೂ ಕೇಳಿಸುತ್ತಿತ್ತು. ರಮೀಝಾ ಗೆರೆ ದಾಟಿ ಚೆಂಡನ್ನು ಒತ್ತಿದಳು. ಆ ಹುಡುಗಿ ಮೈದಾನದ ನಡುವೆ ನನ್ನ ಅಂಗಡಿಯ ಹೆಸರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ. ಇನ್ನೊಬ್ಬಳ ತೋಳು ಹೋಯಿತು, ಅಂಕ ಬಂತು. ಮತ್ತೊಬ್ಬಳದು ಪಕ್ಕದಿಂದ ಸೀಳಿತು, ಮತ್ತೆ ಅಂಕ. ನಮ್ಮವರನ್ನು ಹಿಡಿದವರ ಕೈಯಲ್ಲೆಲ್ಲ ನೀಲಿ ಚೂರುಗಳು. ಒಳಗಿನ ಕಪ್ಪು ಬಟ್ಟೆ ಗಟ್ಟಿಯಾಗಿದ್ದುದರಿಂದ ಮಾನಕ್ಕೆ ಏನೂ ಆಗಲಿಲ್ಲ. ಅದು ನನ್ನ ಅಂಗಡಿಯದಲ್ಲ. ಬೆಂಗಳೂರಿನ ತರಬೇತುದಾರ ರೆಫರಿಯ ಬಳಿಗೆ ಓಡಿ, “ಸಾರ್‌, ಇದೇನ್‌ ಸಾರ್‌, ಇವರು ಹಲ್ಲಿ ಬಾಲ ಬಿಡೋ ಹಾಗೆ ಅಂಗಿ ಬಿಟ್ಟು ಓಡ್ತಾ ಇದಾರೆ,” ಎಂದರು. ರೆಫರಿ ಬಹಳ ಹೊತ್ತು ಯೋಚಿಸಿದರು. ಅಂಗಿ ಹರಿಯಬಾರದೆಂದು ನಿಯಮದಲ್ಲಿ ಎಲ್ಲೂ ಇಲ್ಲವಂತೆ. ಹರಿದದ್ದನ್ನು ತೊಟ್ಟು ಆಡುವಂತಿಲ್ಲ, ಅಷ್ಟೇ. ಬಂದ ಅಂಕಗಳು ಹಾಗೇ ಉಳಿದವು, ಆಟ ಮಾತ್ರ ನಿಂತಿತು. ಐರಿನ್‌ ಟೀಚರ್‌ ಸುತ್ತಲೂ ಕಣ್ಣಾಡಿಸಿದರು. ನಾನು ರಫೀಕನ ಹಿಂದೆ ನಿಂತಿದ್ದೆ. ರಫೀಕ್‌ ಸಾಕಷ್ಟು ಅಗಲ ಇದ್ದರೂ ಪ್ರಯೋಜನವಾಗಲಿಲ್ಲ.

“ಹಮೀದ್‌ ಭಾಯ್‌, ಸೂಜಿ ಉಂಟಾ?” ಎಂದರು ಟೀಚರ್‌. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸೂಜಿ ದಾರ ನನ್ನ ಸ್ಕೂಟರಿನಲ್ಲಿ ಯಾವಾಗಲೂ ಇರುತ್ತದೆ. ಗೆರೆಯಾಚೆ ನೆಲದ ಮೇಲೆ ಕುಳಿತು ಹೊಲಿಯತೊಡಗಿದೆ. ಎದುರಾಳಿಗಳ ಕೈಯಿಂದ ಚೂರುಗಳನ್ನು ಬೇಡಿ ತಂದದ್ದು ರಫೀಕ್‌. ಅವಸರದಲ್ಲಿ ಒಬ್ಬಳ ತೋಳು ಇನ್ನೊಬ್ಬಳಿಗೆ ಸೇರಿತು. ಹಾಗೂ ಹೀಗೂ ಉಳಿದ ಆಟ ಮುಗಿದು ನಮ್ಮ ತಂಡ ಗೆದ್ದಿತು. ಸುತ್ತ ನಿಂತವರು ಚಪ್ಪಾಳೆಗಿಂತ ಹೆಚ್ಚಾಗಿ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಅಷ್ಟರಲ್ಲಿ ನನ್ನೊಳಗೆ ಸಣ್ಣ ಹೆಮ್ಮೆಯೊಂದು ತಲೆಯೆತ್ತಿತ್ತು. ನನ್ನ ಬಟ್ಟೆ ತಂಡವನ್ನು ಫೈನಲ್‌ ತನಕ ತಂದಿತಲ್ಲ. ರಮೀಝಾ ಬಂದು ಎದುರು ನಿಂತಾಗ ಅದನ್ನೇ ಹೇಳಹೊರಟೆ.

“ಉಪ್ಪ, ಆ ಹುಡುಗಿ ನನ್ನನ್ನು ಹಿಡಿದು ಆಗಿತ್ತು,” ಎಂದಳು. “ನಾನು ಬೀಳಬೇಕಿತ್ತು.”

“ಆದರೆ ಓಡಿದ್ದು ನೀನೇ ಅಲ್ವಾ ಮಗಳೇ?”

“ಓಡಿದ್ದು ನಾನು. ತಪ್ಪಿಸಿದ್ದು ನಿಮ್ಮ ಅಂಗಿ. ದಿನಾ ಬೆಳಿಗ್ಗೆ ಎದ್ದು ಓಡಿದ್ದು ಎಂತಕ್ಕೆ ಹಾಗಾದರೆ? ಎಲ್ಲರೂ ನಗ್ತಾ ಇದ್ದಾರೆ ಉಪ್ಪ.”

ನಾನು ದಾರ ಕಚ್ಚಿ ತುಂಡುಮಾಡಿದೆ. ನಾನು ಇಷ್ಟು ವರ್ಷ ಎಷ್ಟೋ ಮಂದಿಗೆ ಜೆರ್ಸಿ ಹೊಲಿಸಿಕೊಟ್ಟಿದ್ದೆ. ಅದರೊಳಗೆ ಒಬ್ಬ ಮನುಷ್ಯ ಇರುತ್ತಾನೆ, ಅವನು ಯಾವುದೋ ಒಂದನ್ನು ತನ್ನದೆಂದು ಹೇಳಿಕೊಳ್ಳಲು ಹೊರಟಿರುತ್ತಾನೆ ಎಂಬುದು ಮನಸ್ಸಿಗೆ ಬಂದೇ ಇರಲಿಲ್ಲ. ಮಗಳ ಮೊಣಕೈ ತರಚಿ ಕೆಂಪಾಗಿತ್ತು. ಅದನ್ನು ನೋಡಲು ಹೋದರೆ ಕೈ ಹಿಂದಕ್ಕೆಳೆದುಕೊಂಡಳು.

ಫೈನಲಿಗೆ ಆ ಜೆರ್ಸಿ ಆಗುವುದಿಲ್ಲವೆಂದು ಸಂಘಟಕರು ಹೇಳಿದರು. ಹೇಳಬೇಕಾಗಿಯೇ ಇರಲಿಲ್ಲ, ಅದು ಜೆರ್ಸಿಯಾಗಿ ಉಳಿದಿರಲಿಲ್ಲ. ಆಗ ಬೆಂಗಳೂರಿನ ತರಬೇತುದಾರರೇ ಒಂದು ಚೀಲ ಹೊತ್ತು ತಂದರು. ಸೋತ ತಮ್ಮ ಹುಡುಗಿಯರ ಜೆರ್ಸಿಗಳು. “ತಗೊಳ್ಳಿ ಟೀಚರ್‌, ಬೆವರು ವಾಸನೆ ಇದೆ, ಆದರೆ ಇದು ಹರಿಯಲ್ಲ. ಈಗ ಓಡಲಿ ನೋಡೋಣ,” ಎಂದು ನನ್ನ ಕಡೆ ನೋಡಿ ನಕ್ಕರು. ಸೋತ ಮೇಲೂ ಹಾಗೆ ನಗಬಲ್ಲವರು ವ್ಯಾಪಾರದಲ್ಲಿ ನನಗೆ ಸಿಕ್ಕಿದ್ದು ಕಡಿಮೆ. ನಾನು ಒಂದು ಜೆರ್ಸಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ದಪ್ಪ ನೂಲು, ಹೆಗಲಿಗೆ ಎರಡು ಪದರ, ಕಂಕುಳಿಗೆ ಮೂರು ಹೊಲಿಗೆ. ಇದನ್ನು ಹೊಲಿದವನಿಗೆ ಆಟ ಗೊತ್ತಿತ್ತು.

ಫೈನಲ್‌ ಕೇರಳದ ತಂಡದೊಂದಿಗೆ. ಆಗ ನನಗೆ ರಗ್ಬಿ ಎಂದರೇನು ಎಂದು ತಿಳಿಯಿತು. ರಮೀಝಾ ಓಡಿದಾಗಲೆಲ್ಲ ಯಾರಾದರೂ ಹಿಡಿದರು, ಹಿಡಿದಾಗಲೆಲ್ಲ ಅವಳು ಬಿದ್ದಳು. ಒಂದು ಸಲ ಬಿದ್ದವಳು ಬೇಗ ಏಳಲಿಲ್ಲ. ನಾನು ಗೆರೆ ದಾಟಿ ಒಳಗೆ ಹೋಗಹೊರಟಾಗ ರಫೀಕ್‌ ನನ್ನ ಅಂಗಿ ಹಿಡಿದು ನಿಲ್ಲಿಸಿದ. ನಾನು ತೊಟ್ಟದ್ದೂ ನನ್ನದೇ ಅಂಗಡಿಯದು, ಒಂದು ಗುಂಡಿ ಕಿತ್ತು ಹೋಯಿತು. ಅಷ್ಟರಲ್ಲಿ ಅವಳು ಎದ್ದಿದ್ದಳು.

ಆಟ ಮುಗಿಯಲು ಬಂದಿತ್ತು, ಕೇರಳದವರು ಸ್ವಲ್ಪ ಮುಂದಿದ್ದರು. ಚೆಂಡು ಕೈಯಿಂದ ಕೈಗೆ ಹಿಂದಕ್ಕೆ ಬರುತ್ತಾ ಬರುತ್ತಾ ರಮೀಝಾಳಿಗೆ ಸಿಕ್ಕಿತು. ಅಂಚಿನಲ್ಲಿ ಓಡಿದಳು. ಗೆರೆ ಹತ್ತಿರವಿತ್ತು. ಎತ್ತರದ ಒಬ್ಬ ಹುಡುಗಿ ಹಾರಿ ಬಂದು ಅವಳ ಜೆರ್ಸಿಯ ಸೊಂಟದ ಭಾಗವನ್ನು ಮುಷ್ಟಿಯಲ್ಲಿ ಹಿಡಿದಳು. ಬಟ್ಟೆ ಹಿಗ್ಗುತ್ತಲೇ ಹೋಯಿತು, ಇವಳು ಮುಂದೆ, ಅವಳು ಹಿಂದೆ, ನಡುವೆ ಒಂದು ಮೊಳ ಜೆರ್ಸಿ. ಆ ಕ್ಷಣ ಬಟ್ಟೆ ವ್ಯಾಪಾರಿಯೊಬ್ಬ ಎರಡೂ ಕೈ ಎದೆಗೊತ್ತಿಕೊಂಡು, ಯಾ ಅಲ್ಲಾ, ಇದೊಂದು ಹರಿಯಲಿ, ಎಂದು ಬೇಡಿದ. ಹರಿಯಲಿಲ್ಲ. ರಮೀಝಾ ಒಂದು ಹೆಜ್ಜೆ ಎಳೆದಳು, ಇನ್ನೊಂದು ಎಳೆದಳು, ಆ ಹುಡುಗಿಯನ್ನೂ ಎಳೆದುಕೊಂಡೇ ಮುಂದಕ್ಕೆ ಬಿದ್ದಳು. ಬೀಳುವಾಗ ಕೈ ಉದ್ದಕ್ಕೆ ಚಾಚಿದಳು. ಚೆಂಡನ್ನು ಗೆರೆಯಾಚೆ ನೆಲಕ್ಕೆ ಒತ್ತಿದಳು. ರೆಫರಿ ಸೀಟಿ ಊದಿ ಕೈ ಮೇಲೆತ್ತಿದರು.

ರಫೀಕ್‌ “ಕೊಲಂಬೊ ನಮ್ಮದೇ ಮಾರಾಯ,” ಎಂದು ನನ್ನನ್ನು ಅಪ್ಪಿಕೊಂಡ. ಐರಿನ್‌ ಟೀಚರ್‌ ಒಂದು ಪ್ಲಾಸ್ಟಿಕ್‌ ಕುರ್ಚಿಯ ಮೇಲೆ ಕುಳಿತು ಮುಖ ಮುಚ್ಚಿಕೊಂಡಿದ್ದರು. ರಮೀಝಾ ತುಟಿಯಲ್ಲಿ ರಕ್ತ, ಹಲ್ಲಲ್ಲಿ ಮಣ್ಣು ಇಟ್ಟುಕೊಂಡು ನನ್ನ ಬಳಿಗೆ ಬಂದಳು.

“ನೋಡಿದ್ರಾ ಉಪ್ಪ? ಹರಿಯಲಿಲ್ಲ.”

“ನೋಡಿದೆ ಮಗಳೇ,” ಎಂದೆ. ನಾನು ಏನು ಬೇಡಿಕೊಂಡಿದ್ದೆ ಎಂಬುದನ್ನು ಹೇಳಲಿಲ್ಲ. ಈ ಸಲ ಮೊಣಕೈ ನೋಡಲು ಬಿಟ್ಟಳು.

ಕೊಲಂಬೊದ ಜೆರ್ಸಿಗಳನ್ನು ಟೀಚರ್‌ ಬೇರೆ ಊರಿನಿಂದ ತರಿಸಿದರು. ನನ್ನನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ. ತಂಡ ಹೊರಟ ವಾರ, ಊಟ ಮಾಡುತ್ತಿದ್ದಾಗ ನನಗೆ ಒಂದು ಫೋನ್‌ ಬಂತು. ಕೈ ಎಂಜಲಾಗಿದ್ದರಿಂದ ಸ್ಪೀಕರಿಗೆ ಹಾಕಿದೆ. ಯಾವುದೋ ಊರಿನ ಒಬ್ಬ ಕಬಡ್ಡಿ ತರಬೇತುದಾರ. ವಾಮಂಜೂರಿನಲ್ಲಿ ನಡೆದದ್ದನ್ನು ಯಾರೋ ಅವರಿಗೆ ವರ್ಣಿಸಿದ್ದರಂತೆ. ಬಹಳ ಮರ್ಯಾದೆಯಿಂದ, ತಗ್ಗಿದ ಧ್ವನಿಯಲ್ಲಿ, ತಮ್ಮ ತಂಡಕ್ಕೂ ಅದೇ ನಮೂನೆಯ ಅಂಗಿ ಬೇಕೆಂದೂ, ಹಿಡಿದವರ ಕೈಗೆ ಸುಲಭವಾಗಿ ಹರಿದು ಬರುವಂತಿರಬೇಕೆಂದೂ ಕೇಳಿದರು. ನಾನು ಆಗುವುದಿಲ್ಲವೆಂದು ಹೇಳಿ ಫೋನ್‌ ಇಟ್ಟೆ. ಎದುರು ಕುಳಿತಿದ್ದ ಜೊಹರಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದು ಕಡಿಮೆ. ಮೀನು ಸಾರಿನ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿ, “ಒಳ್ಳೆ ಕೆಲಸ ಮಾಡಿದಿರಿ,” ಎಂದಳು.

ಆ ಬಟ್ಟೆಯ ಸ್ಟಾಕು ಮುಗಿದಿದೆ, ತಿರುಪ್ಪೂರಿನವರೂ ಅದನ್ನು ನೇಯುವುದು ನಿಲ್ಲಿಸಿದ್ದಾರೆ ಎಂಬುದನ್ನು ನಾನು ಅವಳಿಗೆ ಹೇಳಲಿಲ್ಲ. ಮೀನಿನ ತುಂಡು ಚೆನ್ನಾಗಿತ್ತು.