ತಂಪು ಟಯರು

ಟಯರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಗಟ್ಟಿ ನಂಬಿಕೆ ನನಗೆ ಒಂದು ಶುಕ್ರವಾರದವರೆಗೂ ಇತ್ತು. ನನ್ನ ಕೆಲಸ ಶುಐಬಾ ಬಂದರಿನ ಹತ್ತಿರದ ಒಂದು ಸಾಗಣೆ ಕಂಪೆನಿಯ ಆಫೀಸಿನಲ್ಲಿ. ದಿನಾ ಕಿಟಕಿಯಿಂದ ನೂರಾರು ಲಾರಿಗಳ ಚಕ್ರ ಕಾಣುತ್ತದೆ. ಕಾಣುವುದಕ್ಕೂ ತಿಳಿಯುವುದಕ್ಕೂ ವ್ಯತ್ಯಾಸ ಉಂಟೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ಆ ವರ್ಷ ನನ್ನ ಹೆಂಡತಿ ಜೆಸಿಂತಾಳ ಇಬ್ಬರು ತಂಗಿಯರಲ್ಲಿ ದೊಡ್ಡವಳಾದ ಶರ್ಲಿನಳ ಮದುವೆ ಕುವೈತಿನಲ್ಲೇ ಎಂದು ನಿಶ್ಚಯವಾಯಿತು. ಹುಡುಗಿ ಆಸ್ಪತ್ರೆಯಲ್ಲಿ ನರ್ಸು, ಹುಡುಗ ಇನ್ನೊಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿ ಊರಿಗೆ ಹೋಗಿ ಮದುವೆಯಾಗುವುದೆಂದರೆ ಅದು ಆಗುವ ಮಾತಲ್ಲ. ಮಾವನವರಿಗೆ ಮೊಣಕಾಲಿನ ಆಪರೇಶನ್ ಆಗಿ ಅವರು ಬರುವಂತಿರಲಿಲ್ಲ. ಊರಿನಿಂದ ಫೋನು ಮಾಡಿದರು.

"ವಲೇರಿಯನ್, ನನ್ನ ಜಾಗದಲ್ಲಿ ನೀನು ನಿಲ್ಲಬೇಕು. ಅವಳ ಕೈ ಹಿಡಿದು ಅಲ್ತಾರಿನವರೆಗೆ, ಪಾದ್ರಿಗಳ ಎದುರಿಗೆ, ನೀನೇ ಕರ್ಕೊಂಡು ಹೋಗಬೇಕು."

 ನಾನು ಕೂತಲ್ಲಿಂದ ಎದ್ದು ನಿಂತೆ. ಯಾಕೆಂದರೆ ನಾನು ಅಳಿಯನಾಗಿ ಇಷ್ಟು ವರ್ಷವಾದರೂ ಈ ಮಹಾನುಭಾವರು ನನಗೆ ಒಂದು ಬಲ್ಬು ಬದಲಿಸುವ ಕೆಲಸವನ್ನೂ ವಹಿಸಿದವರಲ್ಲ. ಒಮ್ಮೆ ನಾನು ಅವರ ಮನೆಯ ನಲ್ಲಿ ಸರಿಮಾಡಿದ ನಂತರ ಹಿತ್ತಲಲ್ಲಿ ಏನಾಯಿತೆಂಬುದು ಇಲ್ಲಿ ಅಪ್ರಸ್ತುತ. ಅಂಥವರು ಈಗ ಮಗಳನ್ನೇ ನನ್ನ ಕೈಗೆ ಕೊಡುತ್ತಿದ್ದಾರೆ! ಈ ಒಂದು ಕೆಲಸವನ್ನು ಚಾಚೂ ತಪ್ಪದೆ ಮಾಡಿ ತೋರಿಸಬೇಕೆಂದು ನಾನು ಹಠ ತೊಟ್ಟೆ.

ಕುವೈತಿನಲ್ಲಿ ಇಗರ್ಜಿಯ, ಅಂದರೆ ಚರ್ಚಿನ, ಮದುವೆ ಎಂದರೆ ಹುಡುಗಾಟವಲ್ಲ. ಶುಕ್ರವಾರ ಎಲ್ಲರಿಗೂ ರಜೆ. ಹಾಗಾಗಿ ಎಲ್ಲ ಭಾಷೆಯವರ ಪೂಜೆಯೂ ಅದೇ ದಿನ, ಒಂದರ ಬೆನ್ನಿಗೆ ಇನ್ನೊಂದು. ಒಂದು ಭಾಷೆಯವರು ಹೊರಗೆ ಬರುವ ಮೊದಲೇ ಇನ್ನೊಂದು ಭಾಷೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ನಮಗೆ ಬೆಳಿಗ್ಗೆ ಹತ್ತು ಗಂಟೆ ಸಿಕ್ಕಿತು. ತಡವಾದರೆ ಕಾಯುವ ಪದ್ಧತಿ ಇಲ್ಲ, ಆಮೇಲೆ ಯಾವ ವಾರ ಜಾಗ ಸಿಗುತ್ತದೋ ಆ ವಾರ ಮದುವೆ ಎಂದು ಇಗರ್ಜಿಯ ಆಫೀಸಿನ ಹೆಂಗಸು ನಗುನಗುತ್ತಲೇ ಹೇಳಿದರು. ಹುಡುಗನ ಕಡೆಯವರು ಮದುಮಗಳಿಗೆ ಒಂದು ಒಳ್ಳೆಯ ಕಾರು ಬಾಡಿಗೆಗೆ ಗೊತ್ತುಮಾಡುತ್ತೇವೆ ಎಂದರು. ನಾನು ಬಿಲ್‌ಕುಲ್ ಒಪ್ಪಲಿಲ್ಲ. ನಮ್ಮ ಸ್ವಂತ ವ್ಯಾನಿರುವಾಗ ಮದುಮಗಳು ಬಾಡಿಗೆ ಕಾರಿನಲ್ಲಿ ಹೋಗುವುದೆಂದರೆ ಏನು ಮರ್ಯಾದೆ?

ವ್ಯಾನಿಗೆ ಇದ್ದ ಕೊರತೆ ಒಂದೇ. ನಾಲ್ಕೂ ಟಯರು ನನ್ನ ತಲೆಯ ಹಾಗೆ ಬೋಳಾಗಿದ್ದವು.

ಶುವೈಖಿನ ಗ್ಯಾರೇಜು ಬೀದಿಯಲ್ಲಿ ಒಂದು ಟಯರಂಗಡಿಗೆ ಹೋದೆ. ಅಂಗಡಿಯ ಭಾಯಿ ಎಲ್ಲ ಕಾಲಕ್ಕೂ ಆಗುವಂಥ ಆಲ್-ಸೀಸನ್ ಟಯರು ತೋರಿಸಿದ. ನನಗೆ ನಗು ಬಂತು. ಕುವೈತಿನಲ್ಲಿ ಇರುವುದೇ ಎರಡು ಕಾಲ: ಸೆಕೆ ಮತ್ತು ಭಯಂಕರ ಸೆಕೆ. ಇಲ್ಲದ ಮಳೆಗಾಲಕ್ಕೂ ವಸಂತಕ್ಕೂ ನಾನು ಯಾಕೆ ದುಡ್ಡು ಕೊಡಬೇಕು? ಅಷ್ಟರಲ್ಲಿ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಬೇರೆ ಹತ್ತು ಹನ್ನೆರಡು ಟಯರು ಕಣ್ಣಿಗೆ ಬಿದ್ದವು. ಅವುಗಳ ಪಕ್ಕೆಯಲ್ಲಿ 'ವಿಂಟರ್' ಎಂದು ಬರೆದಿತ್ತು. ಪಕ್ಕದಲ್ಲಿ ಆರು ಕಡ್ಡಿಯ ನಕ್ಷತ್ರದಂಥ ಹಿಮದ ಗುರುತು. ಬೆರಳಲ್ಲಿ ಒತ್ತಿದರೆ ರಬ್ಬರು ಹಲ್ವದ ಹಾಗೆ ಮೆತ್ತಗೆ!

"ಸಾಬ್, ಯೇ ಬರಫ್ ವಾಲಾ ಹೈ," ಎಂದ ಭಾಯಿ. ಅವನಿಗೆ ಅಷ್ಟೇ ಗೊತ್ತಿತ್ತು. ಯಾವುದೋ ಕಂಟೇನರಿನಲ್ಲಿ ತಪ್ಪಿ ಬಂದ ಮಾಲಂತೆ, ಅರ್ಧ ಬೆಲೆಗೆ ಕೊಡುತ್ತೇನೆಂದ.

ಬರಫ್ ಅಂದರೆ ಐಸು. ಮಂಗಳೂರಿನ ಧಕ್ಕೆಯಲ್ಲಿ, ಬೋಟು ಬಂದು ನಿಲ್ಲುವಲ್ಲಿ, ಮೀನಿಗೆ ಐಸು ಯಾಕೆ ಹಾಕುತ್ತಾರೆಂದು ತಿಳಿಯದವನೇ ನಾನು? ನನ್ನ ತಲೆಯಲ್ಲಿ ಟ್ಯೂಬ್‌ಲೈಟು ಹತ್ತಿತು. ಈ ಹಿಮದ ಗುರುತು ನಾನು ದಿನಾ ನೋಡುವಂಥದ್ದು. ವ್ಯಾನಿನ ಎಸಿ ಬಟನ್ನಿನ ಮೇಲೆ ಇದೇ ಗುರುತು! ಒತ್ತಿದರೆ ತಂಪು. ಅಂದ ಮೇಲೆ ಇದು ಓಡುವಾಗ ಕಾಯದೆ ತಂಪಾಗಿಯೇ ಇರುವ ಟಯರು. ಇದನ್ನು ಭಾಯಿಗೆ ಸವಿಸ್ತಾರವಾಗಿ ವಿವರಿಸಿದೆ. ಅವನು ಬೆರಗಾಗಿ ಕೇಳಿ ನನಗೆ ಚಹಾ ತರಿಸಿದ. ನಾಲ್ಕು ಟಯರು ಹಾಕಿಸಿಕೊಂಡು ನಾನು ಹೊರಡುವಾಗ ಅವನು ಉಳಿದ ಟಯರುಗಳನ್ನು ಮೂಲೆಯಿಂದ ಎತ್ತಿ ಬಾಗಿಲಿನ ಎದುರು ಜೋಡಿಸುತ್ತಿದ್ದ.

ಅಬು ಹಲೀಫಾದ ನಮ್ಮ ಬಿಲ್ಡಿಂಗಿನ ಕೆಳಗೆ ವ್ಯಾನು ನಿಲ್ಲಿಸಿ ಜೆಸಿಂತಾಳನ್ನು ಕರೆದು ತೋರಿಸಿದೆ. ಅವಳು ಬಗ್ಗಿ ಓದಿದಳು.

"ಇದು ಚಳಿಗಾಲದ್ದು ಅಂತ ಬರೆದಿದೆಯಲ್ಲ?"

"ಚಳಿಗಾಲದಲ್ಲಿ ಹಾಕುವುದಲ್ಲ ಮಾರಾಯ್ತಿ, ಚಳಿಗಾಲ ಕೊಡುವುದು."

"ಸ್ವೆಟರ್ ಕೂಡ ಚಳಿಗಾಲದ್ದೇ. ನೀವು ಈ ಸೆಕೆಗೆ ಹಾಕಿಕೊಳ್ತೀರಾ?"

"ಸ್ವೆಟರಿಗೆ ಹಿಮದ ಗುರುತು ಉಂಟಾ? ಎಸಿಗೆ ಉಂಟು. ಟಯರಿಗೆ ಉಂಟು. ಈಗ ನೀನೇ ಹೇಳು."

ಅವಳು ಏನೂ ಹೇಳದೆ ಒಳಗೆ ಹೋದಳು. ಅದನ್ನು ನಾನು ಸಮ್ಮತಿ ಎಂದು ತಿಳಿದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಹಾಗೆ ತಿಳಿದ ನನ್ನ ಬುದ್ಧಿಗೆ ಏನೆನ್ನಬೇಕು!

ಮೇಲಿನ ಮಹಡಿಯ ಸದಾನಂದ ಮಾತ್ರ ಗುಣಗ್ರಾಹಿ. ಉಡುಪಿ ಕಡೆಯವನು, ಹೋಟೆಲಿನಲ್ಲಿ ಕ್ಯಾಶಿಯರ್, ನನ್ನ ಮಾತಿಗೆ ಬೆಲೆ ಕೊಡುವ ಇಡೀ ಬಿಲ್ಡಿಂಗಿನ ಏಕೈಕ ಪ್ರಾಣಿ. ಅವನಿಗೆ ನಾನು ತಂಪು ಟಯರಿನ ಸಿದ್ಧಾಂತವನ್ನು ಪಾರ್ಕಿಂಗಿನಲ್ಲೇ ನಿಂತು ಬೋಧಿಸಿದೆ. ಮರುದಿನವೇ ಅವನು ತನ್ನ ಕಾರು ತೆಗೆದುಕೊಂಡು ಶುವೈಖಿಗೆ ಹೋಗಿ ಬಂದ.

ಆಮೇಲಿನ ದಿನಗಳಲ್ಲಿ ಕೆಲವು ಸಣ್ಣಪುಟ್ಟ ಸೂಚನೆಗಳು ಬಂದವು. ವ್ಯಾನು ಓಡುವಾಗ ಜೇನುನೊಣ ಎದ್ದಂತೆ ಗುಂಯ್ ಎನ್ನತೊಡಗಿತು. ಅದು ತಂಪಿನ ಗಾಳಿಯ ಸದ್ದು ಎಂದೆ. ತಿರುವಿನಲ್ಲಿ ವ್ಯಾನು ಬಳುಕಿತು. ಅದು ಮೆತ್ತನೆಯ ಪ್ರಯಾಣ ಎಂದೆ. ನಿಲ್ಲಿಸಿದ ಜಾಗದಲ್ಲಿ ನೆಲಕ್ಕೆ ಕರಿ ಕಲೆ ಹಿಡಿಯಿತು. ಟಯರು ಕರಗುತ್ತಾ ಉಂಟಾ ಅಂತ ಸದಾನಂದ ಸಂಕೋಚದಿಂದ ಕೇಳಿದ. ಅದನ್ನು ಇಂಗ್ಲಿಷಿನಲ್ಲಿ ಗ್ರಿಪ್ ಎನ್ನುತ್ತಾರೆ ಎಂದು ಅವನ ಭುಜ ತಟ್ಟಿದೆ. ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ಕೆಡುವಾಗ ಮಾತ್ರ ಎಲ್ಲಿಂದ ಬರುತ್ತದೋ ಇಷ್ಟೊಂದು ವಿವರಣೆ!

ಮದುವೆಯ ಶುಕ್ರವಾರ ಬಂತು. ಆಗಸ್ಟ್ ತಿಂಗಳು, ಬೆಳಿಗ್ಗೆ ಎಂಟಕ್ಕೇ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು. ನಾನು ಹೊಸದಾಗಿ ಹೊಲಿಸಿದ ಸೂಟು, ಒಳಗೊಂದು ವೇಸ್ಟ್‌ಕೋಟು ತೊಟ್ಟು, ಕತ್ತಿಗೆ ಟೈ ಕಟ್ಟಿ ಸಿದ್ಧನಾದೆ. ಬಿಳಿ ಗೌನಿನಲ್ಲಿ ಶರ್ಲಿನ್ ಇಳಿದು ಬಂದಾಗ ನನಗೆ ನಿಜವಾಗಿಯೂ ಕಣ್ಣು ತುಂಬಿತು. ಮಾವ ಇದನ್ನು ನೋಡಬೇಕಿತ್ತು ಅನ್ನಿಸಿತು. ಅವಳ ಗೌನು ಎಷ್ಟು ಉದ್ದವೆಂದರೆ ವ್ಯಾನಿನ ನಡುವಿನ ಸೀಟು ಪೂರ್ತಿ ಅದಕ್ಕೇ ಬೇಕಾಯಿತು. ಹಿಂದೆ ಕೇಕಿನ ಪೆಟ್ಟಿಗೆ ಇಡಲು ಜಾಗ ಸಾಲಲಿಲ್ಲ. ನಾನು ಒಂದು ಕ್ಷಣವೂ ಯೋಚಿಸದೆ ಸ್ಟೆಪ್ನಿ ಟಯರನ್ನು ತೆಗೆದು ಬಿಲ್ಡಿಂಗಿನ ಕಾವಲಿನವನ ಕೋಣೆಯಲ್ಲಿ ಇಟ್ಟೆ.

"ಅದು ಬೇಡವಾ?" ಎಂದಳು ಜೆಸಿಂತಾ.

"ಹೊಸ ಟಯರಿಗೆ ಸ್ಟೆಪ್ನಿ ಎಂತಕೆ?"

ಮದುಮಗಳ ಗೆಳತಿಯರನ್ನು ತುಂಬಿಸಿಕೊಂಡು ಸದಾನಂದ ಅವನ ಕಾರಿನಲ್ಲಿ ಹಿಂದೆ ಬರುವುದೆಂದಾಯಿತು. ಫಹಾಹೀಲ್ ರಸ್ತೆ ಹತ್ತಿ ಕುವೈತ್ ಸಿಟಿಯ ಕಡೆಗೆ ವೇಗ ಹಿಡಿದೆ. ಸಮಯ ಧಾರಾಳ ಇತ್ತು. ನಾನು ಶಿಳ್ಳೆ ಹಾಕತೊಡಗಿದೆ.

ಮೊದಲು ಗುಂಯ್ ಎನ್ನುವುದು ಢಬಢಬ ಎಂದಾಯಿತು. ಆಮೇಲೆ ಒಂದು ಢಮಾರ್. ವ್ಯಾನು ಕುಡಿದವನಂತೆ ಆಚೀಚೆ ತೂಗಿತು. ಜೆಸಿಂತಾ ಅರ್ಧ ಜಪಮಾಲೆಯನ್ನು ಒಂದೇ ಉಸಿರಿಗೆ ಮುಗಿಸಿದಳು. ಹೇಗೋ ರಸ್ತೆಯ ಬದಿಗೆ ತಂದು ನಿಲ್ಲಿಸಿ ಇಳಿದು ನೋಡಿದೆ. ಹಿಂದಿನ ಟಯರು ಎಂಬುದು ಅಲ್ಲಿ ಇರಲೇ ಇಲ್ಲ. ಚಕ್ರದ ಸುತ್ತ ಕರಿ ದಾರದಂತೆ ಏನೋ ಜೋತಾಡುತ್ತಿತ್ತು. ನಾನು ಗಾಬರಿಯಲ್ಲಿ ಅದನ್ನು ಕೈಯಿಂದ ಎಳೆದೆ. ಯಾಕೆ ಎಳೆದೆ ಎಂದು ಈವರೆಗೂ ನನಗೆ ತಿಳಿಯದು. ಕೈ ಸುಟ್ಟಿತು, ರಬ್ಬರು ಅಂಟಿತು. ಒರೆಸಿಕೊಳ್ಳಲು ಹೋಗಿ ಮುಖದಿಂದ ಕೋಟಿನ ಎದೆಯವರೆಗೆ ಕರಿ.

ಪರವಾಗಿಲ್ಲ, ಸದಾನಂದ ಹಿಂದೆ ಇದ್ದಾನಲ್ಲ! ಮದುಮಗಳನ್ನು ಅವನ ಕಾರಿಗೆ ಹತ್ತಿಸಿ ನಾನೂ ಹತ್ತಿದರೆ ಆಯಿತು. ಫೋನು ಮಾಡಿದೆ.

"ವಲೇರಿಯನಣ್ಣ, ನಾನೇ ನಿಮಗೆ ಮಾಡುವವನಿದ್ದೆ," ಎಂದ ಸದಾನಂದ ಮೆಲ್ಲಗೆ. "ನಮ್ಮ ಗ್ರಿಪ್ ಹೋಯ್ತು."

ಅಬು ಹಲೀಫಾ ದಾಟುವ ಮೊದಲೇ ಅವನ ಟಯರು ಒಡೆದಿತ್ತು. ನನ್ನನ್ನು ನೋಡಿ ಅವನೂ ಸ್ಟೆಪ್ನಿ ಮನೆಯಲ್ಲೇ ಬಿಟ್ಟಿದ್ದ. ತಾನು ಕೆಟ್ಟದ್ದಲ್ಲದೆ ವನವನ್ನೆಲ್ಲ ಕೆಡಿಸಿದ ಕೋತಿ ಎಂದರೆ ಯಾರೆಂದು ನನಗೆ ಆ ಬಿಸಿಲಲ್ಲಿ ಸ್ಪಷ್ಟವಾಗಿ ತಿಳಿಯಿತು. ಟ್ಯಾಕ್ಸಿಗೆ ಕೈ ಮಾಡಿದೆ. ಆ ರಸ್ತೆಯಲ್ಲಿ ಆ ವೇಗದಲ್ಲಿ ಕರಿ ಮುಖದ ಸೂಟುಧಾರಿಗೆ ಯಾವ ಟ್ಯಾಕ್ಸಿ ನಿಲ್ಲುತ್ತದೆ? ವ್ಯಾನಿನೊಳಗೆ ಶರ್ಲಿನ್ ಗಡಿಯಾರ ನೋಡುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆಗ ಒಂದು ದೊಡ್ಡ ಜೀಪು ನಮ್ಮ ಮುಂದೆ ಬಂದು ನಿಂತಿತು. ಬಿಳಿ ನಿಲುವಂಗಿಯ ಒಬ್ಬ ಕುವೈತಿ ಇಳಿದ. ಕಿಟಕಿಯಿಂದ ಅವನ ಮಕ್ಕಳು ಇಣುಕಿ, "ಅರೂಸ, ಅರೂಸ" ಎಂದು ಮದುಮಗಳನ್ನು ತೋರಿಸಿ ಕುಣಿಯುತ್ತಿದ್ದರು. ಅವನು ಬಗ್ಗಿ ವ್ಯಾನಿನ ಉಳಿದ ಟಯರುಗಳನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಪುನಃ ಟಯರನ್ನು ನೋಡಿದ.

ತಾನು ಚಳಿ ದೇಶದಲ್ಲಿ ಓದಿದವನೆಂದೂ, ಅಲ್ಲಿ ರಸ್ತೆ ತುಂಬಾ ಹಿಮ ಬಿದ್ದಾಗ ಇಂಥ ಟಯರು ಹಾಕುತ್ತಾರೆಂದೂ, ಬೇಸಗೆ ಬಂದ ಕೂಡಲೇ ಅವರೂ ತೆಗೆದಿಡುತ್ತಾರೆಂದೂ, ಬಿಸಿಗೆ ಇದರ ರಬ್ಬರು ಬೆಣ್ಣೆಯಾಗುತ್ತದೆಂದೂ ಅವನು ಇಂಗ್ಲಿಷಿನಲ್ಲಿ ಹೇಳಿದ. ಹೇಳಿ ಬಹಳ ಮರ್ಯಾದೆಯಿಂದ ಕೇಳಿದ, ನೀವು ಯಾವ ಹಿಮದ ಗುಡ್ಡಕ್ಕೆ ಹೊರಟಿದ್ದೀರಿ ಅಂತ.

  ವಿವರಣೆಗಳ ಮಹಾಸಾಗರವೇ ನಾನು, ಆ ಹೊತ್ತಿಗೆ ಒಂದು ಹನಿಯೂ ಇಲ್ಲ! ಜೆಸಿಂತಾಳ ಕಡೆ ನೋಡಲು ಧೈರ್ಯ ಬರಲಿಲ್ಲ. ಅವಳು ನನ್ನನ್ನು ನೋಡುತ್ತಿರುವುದು ಮಾತ್ರ ಬೆನ್ನಿಗೇ ಗೊತ್ತಾಗುತ್ತಿತ್ತು.

ಆ ಪುಣ್ಯಾತ್ಮ ಇಗರ್ಜಿಗೆ ತಾನೇ ಬಿಡುತ್ತೇನೆಂದ. ಯಲ್ಲಾ, ಯಲ್ಲಾ ಎಂದು ಮಕ್ಕಳನ್ನೆಲ್ಲ ಒಂದು ಬದಿಗೆ ಒತ್ತಿದ. ಆದರೂ ಮೂರು ಜನರ ಜಾಗವೇ ಆದದ್ದು. ಅದರಲ್ಲಿ ಎರಡು ಗೌನಿಗೆ ಬೇಕು. ನಾನು ಮುಂದೆ ಬಂದು, ಮಾವ ನನ್ನನ್ನೇ ನಿಲ್ಲಿಸಿದ್ದಾರಲ್ಲ, ನಾನು ಹೋಗುತ್ತೇನೆ ಎಂದೆ.

"ಆ ಕೈಯಲ್ಲಿಯಾ?" ಎಂದಳು ಜೆಸಿಂತಾ.

ಕೈ ನೋಡಿಕೊಂಡೆ. ಎದುರಿಗೆ ಹಾಲಿನಂಥ ಗೌನು. ಎರಡು ಹೆಜ್ಜೆ ಹಿಂದೆ ಸರಿದೆ. ನನಗೆ ಮೊದಲ ಸಲ ನಾಚಿಕೆಯಾಯಿತು. ಟಯರಿಗಲ್ಲ, ಕೋಟಿಗಲ್ಲ. ಒಬ್ಬ ತಂದೆ ಕೊಟ್ಟ ಒಂದೇ ಒಂದು ಕೆಲಸವನ್ನು ನಾನು ಅರ್ಧ ಬೆಲೆಗೆ ಮಾರಿಬಿಟ್ಟೆನಲ್ಲ ಎಂದು.

ಶರ್ಲಿನ್ ವ್ಯಾನಿನಿಂದ ಇಳಿದಳು. ಜೀಪಿಗೆ ಹೋಗದೆ ನನ್ನ ಹತ್ತಿರ ಬಂದಳು.

"ಬಾವ, ಬನ್ನಿ. ಅಪ್ಪ ಹೇಳಿದ್ದು ಇಲ್ಲೇ ಆಗಲಿ."

ನನ್ನ ಕೋಟಿನ ತೋಳಿನಲ್ಲಿ ಇನ್ನೂ ಶುದ್ಧವಾಗಿದ್ದ ಒಂದು ಜಾಗ ಹುಡುಕಿ, ಮೊಣಕೈಯ ಹತ್ತಿರ, ಎರಡೇ ಬೆರಳಲ್ಲಿ ಹಿಡಿದುಕೊಂಡಳು. ಜೆಸಿಂತಾ ಹಿಂದಿನಿಂದ ಗೌನು ಎತ್ತಿ ಹಿಡಿದಳು. ಫಹಾಹೀಲ್ ರಸ್ತೆಯ ಬದಿಯಲ್ಲಿ, ಮರಳು ಗಾಳಿಯಲ್ಲಿ, ನಾನು ನನ್ನ ನಾದಿನಿಯನ್ನು ವ್ಯಾನಿನಿಂದ ಜೀಪಿನವರೆಗೆ ನಡೆಸಿಕೊಂಡು ಹೋದೆ. ಹಾದುಹೋಗುವ ಕಾರುಗಳವರು ಮದುವೆಯ ದಿಬ್ಬಣವೆಂದು ತಿಳಿದು ಉದ್ದಕ್ಕೂ ಹಾರ್ನು ಹೊಡೆದರು. ಕುವೈತಿ ಬಾಗಿಲು ತೆರೆದು ಹಿಡಿದ. ನನ್ನ ಕಣ್ಣಿನಿಂದ ಇಳಿದದ್ದು ಬೆವರೆಂದು ಅವನಿಗೆ ಹೇಳಿದೆ.

ಜೀಪು ಹೋಯಿತು. ಕೇಕು ನನ್ನ ಹತ್ತಿರ ಉಳಿಯಿತು. ಎಳೆದುಕೊಂಡು ಹೋಗುವ ಗಾಡಿ ಬರುವ ಹೊತ್ತಿಗೆ ಅದೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಹಿಂದಕ್ಕೆ ತಿರುಗಿ ಸದಾನಂದನನ್ನೂ ಅವನ ಕಾರನ್ನೂ ಹುಡುಗಿಯರನ್ನೂ ಸಂಗ್ರಹಿಸಿಕೊಂಡು ನಾವು ಮದುವೆಯ ಹಾಲಿಗೆ ತಲುಪಿದಾಗ ಊಟ ಶುರುವಾಗಿತ್ತು. ಬಾಗಿಲಲ್ಲಿ ನಿಂತಿದ್ದ ಹುಡುಗನ ಕಡೆಯವರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಸಿ ರಿಪೇರಿಯವರು ಹಿಂದಿನ ಬಾಗಿಲಿನಿಂದ ಹೋಗಬೇಕು ಎಂದರು. ನಾನು ಹಿಂದಿನ ಬಾಗಿಲಿನಿಂದಲೇ ಹೋದೆ.

ಸಂಜೆ ಮಾವನವರ ಫೋನು ಬಂತು. ಅಷ್ಟರಲ್ಲಿ ಜೆಸಿಂತಾ ಅವರಿಗೆ ಎಲ್ಲವನ್ನೂ ಹೇಳಿಯಾಗಿತ್ತು. ತಂಗಿಯನ್ನು ಅಲ್ತಾರಿನವರೆಗೆ ಅವಳೇ ಕರೆದುಕೊಂಡು ಹೋಗಿದ್ದಳು. ನಾನು ಫೋನು ಹಿಡಿದು ಕ್ಷಮೆ ಕೇಳುವ ಒಂದು ಉದ್ದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅದಕ್ಕೆ ಅವರು ಅವಕಾಶವೇ ಕೊಡಲಿಲ್ಲ. ಅವರ ದನಿಯಲ್ಲಿ ಸಂತೋಷ ತುಂಬಿತ್ತು.

"ಮದುವೆ ಬಹಳ ಚೆಂದ ಆಯ್ತಂತೆ. ಹತ್ತಕ್ಕೆ ಸರಿಯಾಗಿ ಒಳಗೆ ಹೋದರಂತೆ, ಒಂದು ಚೂರು ತೊಂದರೆ ಆಗ್ಲಿಲ್ಲಂತೆ."

"ಹೌದು ಮಾವ."

"ನೀನು ದಾರಿಯಲ್ಲೇ ಉಳಿದದ್ದು ದೇವರ ದಯೆ," ಎಂದರು. ಮತ್ತೆ ಸೇರಿಸಿದರು, "ಕೊನೆಯವಳ ಮದುವೆ ಊರಲ್ಲೇ ಮಾಡುವ. ನೀನು ಇಗರ್ಜಿಗೆ ಬಸ್ಸಲ್ಲಿ ಬಾ."

ಆಗಲಿ ಎಂದೆ.