ಗಂಟೆಗೊಮ್ಮೆ ಖಾರ ಕೇಳಿದ ರಾಘಪ್ಪನವರು

ಬ್ಯಾಡಗಿಯ ನಮ್ಮ ಅಂಗಡಿಯಲ್ಲಿ ಮೆಣಸಿನಕಾಯಿ ಪುಡಿ ಮಾಡುವುದು ಗಿರಣಿಯ ಕೆಲಸ, ಪೊಟ್ಟಣ ಕಟ್ಟುವುದು ನನ್ನ ಕೆಲಸ, ತಲೆ ಓಡಿಸುವುದು ನನ್ನ ಹೆಂಡತಿ ಗಿರಿಜಾಳ ಕೆಲಸ. ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಆದರೂ ಈ ವ್ಯವಸ್ಥೆಯನ್ನು ಸುಧಾರಿಸಬೇಕೆಂದು ನನಗೆ ಅನಿಸಿಬಿಟ್ಟಿತು!

ಆಗಿನ್ನೂ ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆಯುವುದು ನಮ್ಮ ಕಡೆ ಹೊಸತು. ಗಿರಿಜಾ ಧೈರ್ಯ ಮಾಡಿ ತೆರೆದಿದ್ದಳು. ಅಲ್ಲಿ ಯಾರಾದರೂ ಖಾರದ ಪುಡಿಗೆ ಆರ್ಡರ್ ಕೊಟ್ಟರೆ, ಮಧ್ಯಾಹ್ನ ಊಟ ಮುಗಿಸಿ ಕೂತು, ಬಿಲ್ಲು ಮತ್ತು ದಾಸ್ತಾನು ನೋಡಿಕೊಳ್ಳುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಅದನ್ನು ಕೈಯಾರೆ ಟೈಪು ಮಾಡುತ್ತಿದ್ದಳು. ಎರಡೂ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಆದರೆ ಜಗಳಾಡಿದ ವಾರಗಿತ್ತಿಯರಂತೆ ಒಂದಕ್ಕೊಂದು ಮಾತಿಲ್ಲ.

ಸಾಫ್ಟ್‌ವೇರು ಮಾರಿದ ಹುಬ್ಬಳ್ಳಿಯ ಮನುಷ್ಯ ಒಮ್ಮೆ ನನ್ನ ಕಿವಿಯಲ್ಲಿ ಗುಟ್ಟು ಹೇಳುವಂತೆ ಹೇಳಿದ್ದ.

"ಅದರಾಗ ಸಿಂಕ್ ಅಂತ ಒಂದು ಸೌಲಭ್ಯ ಐತ್ರಿ ಸಾಹೇಬ್ರ. ಇಷ್ಟೊತ್ತಿಗೊಮ್ಮೆ ಅಂತ ಟೈಮ್ ಹಚ್ಚಿಬಿಡ್ರಿ. ಆರ್ಡರ್ ತಾವ ಅಲ್ಲಿಂದ ಇಲ್ಲಿಗೆ ಬರ್ತಾವ, ಸ್ಟಾಕಿನ ಸುದ್ದಿ ಇಲ್ಲಿಂದ ಅಲ್ಲಿಗೆ ಹೋಗ್ತೈತಿ. ನೀವು ಕೈ ಕಟ್ಕೊಂಡು ಕುಂದ್ರಿ."

ಕೈ ಕಟ್ಟಿಕೊಂಡು ಕೂಡುವುದರಲ್ಲಿ ನನಗೆ ಮೊದಲಿಂದಲೂ ಆಸಕ್ತಿ. ಅಷ್ಟರಲ್ಲಿ ಗಿರಿಜಾ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಕರ್ಜಗಿಗೆ ಹೊರಟಳು. ಬಸ್ಸು ಹತ್ತುವಾಗ ಎರಡೇ ಮಾತು ಹೇಳಿದಳು.

"ಹಾವೇರಿ ವಕೀಲರ ಮಗಳ ಮದುವಿಗೆ ಅಂತ ಖಾರದ ಪೊಟ್ಟಣ ಬ್ಯಾರೆ ಎತ್ತಿಟ್ಟೇನಿ, ಅವನ್ನ ಮುಟ್ಟಬ್ಯಾಡ್ರಿ. ಕಂಪ್ಯೂಟರ್ ಅಂತೂ ಮುಟ್ಟಲೇಬ್ಯಾಡ್ರಿ."

ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಕಾದು, ಬಂದು ಕಂಪ್ಯೂಟರ್ ಮುಟ್ಟಿದೆ.

ಸಿಂಕ್ ಬಹಳ ವಿನಯದ ಪ್ರಾಣಿ. ಏನು ಮಾಡುವ ಮೊದಲೂ ನನ್ನ ಅಭಿಪ್ರಾಯ ಕೇಳುತ್ತಿತ್ತು. ಎಷ್ಟು ಹೊತ್ತಿಗೊಮ್ಮೆ ಓಡಲಿ? ಗಂಟೆಗೊಮ್ಮೆ ಓಡು ಎಂದೆ. ಹೊಸ ಆರ್ಡರ್ ಮಾತ್ರ ತರಲೋ, ಬಾಕಿ ಇರುವ ಎಲ್ಲವನ್ನೂ ತರಲೋ? ಇಲ್ಲಿ ನಾನು ಸ್ವಲ್ಪ ಯೋಚಿಸಿದೆ. ಹಳೇ ಗಿರಾಕಿಗಳನ್ನು ಬಿಟ್ಟು ಹೊಸಬರನ್ನಷ್ಟೇ ಮಾತಾಡಿಸುವುದು ಯಾವ ನ್ಯಾಯ? 'ಎಲ್ಲವನ್ನೂ' ಎಂದು ಒತ್ತಿದೆ. ನಮ್ಮ ಮನೆತನದ ಮರ್ಯಾದೆ ಉಳಿಯಿತು!

ಆ ಹೊತ್ತಿಗೆ ಬಾಕಿ ಇದ್ದದ್ದು ಒಂದೇ ಆರ್ಡರ್. ರಾಣೇಬೆನ್ನೂರಿನ ರಾಘಪ್ಪ ಎಂಬುವರು ಒಂದು ಕಿಲೋ ಪುಡಿ ಕೇಳಿದ್ದರು. ಸಿಂಕ್ ಅದನ್ನು ತಂದು ಮುಂದಿಟ್ಟಿತು. ನನ್ನ ಕಣ್ಣಲ್ಲಿ ನೀರೇ ಬಂತು. ಒಂದು ಗಂಟೆ ಕಳೆಯಿತು. ರಾಘಪ್ಪ ಇನ್ನೊಂದು ಕಿಲೋ ಕೇಳಿದ್ದರು! ಊಟ ಮುಗಿಸಿ ಬರುವುದರೊಳಗೆ ಮತ್ತೊಂದು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ರಾಘಪ್ಪ ಇಡೀ ರಾತ್ರಿ ನಿದ್ದೆಗೆಟ್ಟು ಖಾರ ಕೇಳಿದ್ದರು.

ಸಿಂಕ್ ಒಂದೇ ಆರ್ಡರನ್ನು ಗಂಟೆಗೊಮ್ಮೆ ಹೊಸದಾಗಿ ಹೊತ್ತು ತರುತ್ತಿದೆ ಎಂದು ಈಗ ನಿಮಗೆ ಹೊಳೆದಿರಬಹುದು. ನನಗೆ ಹೊಳೆದದ್ದು ಬೇರೆ. ಈ ಮನುಷ್ಯ ದೊಡ್ಡ ಖಾನಾವಳಿ ತೆರೆಯುತ್ತಿದ್ದಾನೆ! ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಎಲ್ಲಿ ಸಾಕು ಎಂದುಬಿಡುತ್ತಾರೋ ಎಂದು ಸುಮ್ಮನಾದೆ.

ಇದ್ದ ಪೊಟ್ಟಣ ಸಾಲಲಿಲ್ಲ. ಮದುವೆಗೆಂದು ಎತ್ತಿಟ್ಟವನ್ನೂ ಸೇರಿಸಿದೆ. ಮದುವೆಯವರಿಗೆ ನಾಳೆ ಬೆಳಿಗ್ಗೆ ಗಿರಣಿಗೆ ಹಾಕಿಸಿಕೊಟ್ಟರಾಯಿತು ಎಂಬ ಸಮಾಧಾನ. ಟೆಂಪೋ ಬಾಡಿಗೆಗೆ ಹಿಡಿದೆ. ಇಂಥ ಗಿರಾಕಿಗೆ ಬರಿಗೈಯಲ್ಲಿ ಕೈಮುಗಿಯುವುದೇ? ಒಂದು ಶಾಲನ್ನೂ ಕೊಂಡೆ.

ರಾಣೇಬೆನ್ನೂರಿನ ಓಣಿಯಲ್ಲಿ ಟೆಂಪೋ ನಿಂತಾಗ ಬಾಗಿಲು ತೆರೆದವರು ಒಬ್ಬ ಬಡಕಲು ಹಿರಿಯರು. ನಾನು ಮಾತಾಡದೆ ಶಾಲು ಹೊದಿಸಿಬಿಟ್ಟೆ.

"ಯಾರ್ರಿ ನೀವು?" ಎಂದರು ರಾಘಪ್ಪ.

"ಬ್ಯಾಡಗಿಯಿಂದ ಬಂದೇನ್ರಿ. ನಿಮ್ಮ ಖಾರ ತಂದೇನಿ."

ಅವರ ಮುಖ ಬಿಳಿಚಿಕೊಂಡಿತು. "ಸಣ್ಣಗ ಮಾತಾಡ್ರಿ, ಸಣ್ಣಗ! ಒಂದು ಕಿಲೋ ಅಲ್ಲಿ ಗಿಡದ ಹಿಂದ ಇಟ್ಟು ಹೋಗ್ರಿ."

"ಒಂದು ಕಿಲೋ ಅಲ್ರಿ, ಇಪ್ಪತ್ತರ ಮ್ಯಾಲ ಐತಿ!" ಎಂದು ನಾನು ಹೆಮ್ಮೆಯಿಂದ ಕೂಗಿದೆ.

ಅಷ್ಟರಲ್ಲಿ ಒಳಗಿಂದ ಅವರ ಹೆಂಡತಿ ಬಂದರು. ರಾಘಪ್ಪನವರ ಹೊಟ್ಟೆಯಲ್ಲಿ ಹುಣ್ಣಾಗಿದೆಯೆಂದೂ, ಡಾಕ್ಟರು ಖಾರದ ವಾಸನೆಯನ್ನೂ ನೋಡಬಾರದೆಂದು ಹೇಳಿದ್ದಾರೆಂದೂ, ಮೂರು ಹೊತ್ತೂ ಮೊಸರನ್ನವೆಂದೂ ನನಗೆ ಗೊತ್ತಾದದ್ದು ಆಗಲೇ. ಬೇಸತ್ತ ಜೀವ ಹೆಂಡತಿಗೆ ಕಾಣದಂತೆ ಒಂದೇ ಒಂದು ಕಿಲೋ ತರಿಸಿಕೊಳ್ಳಲು ನೋಡಿತ್ತು.

"ಸಾಯಾಕ ಇಷ್ಟು ಖಾರ ಬೇಕಾಗಿತ್ತೇನ್ರಿ ನಿಮಗ?" ಎಂದು ಆಕೆ ಟೆಂಪೋ ನೋಡಿ ಕೂಗಿದರು.

"ನಾ ಇಷ್ಟು ಕೇಳಿಲ್ಲ ಮಾರಾಯ್ತಿ!"

"ಅಂದ್ರ ಸ್ವಲ್ಪ ಕೇಳೀರಿ?"

ರಾಘಪ್ಪ ಸಿಕ್ಕಿಬಿದ್ದರು. ಶಾಲಿನಿಂದ ಮುಖ ಮುಚ್ಚಿಕೊಂಡು ನನ್ನನ್ನು ನೋಡಿದ ನೋಟವಿದೆಯಲ್ಲ, ಅದಕ್ಕಿಂತ ಖಾರವಾದದ್ದನ್ನು ನಾನು ಈವರೆಗೆ ಮಾರಿಲ್ಲ.

ಆಗ ನನ್ನ ಮೊಬೈಲು ರಿಂಗಾಯಿತು. ಗಿರಿಜಾ!

"ವಕೀಲರ ಮನ್ಯಾಗಿಂದ ಫೋನ್ ಬಂದಿತ್ತು. ಇಂಟರ್ನೆಟ್ಟಿನ್ಯಾಗ ನಮ್ಮ ಅಂಗಡ್ಯಾಗ ಖಾರ ಖಾಲಿ ಅಂತ ತೋರಸಾಕತ್ತೈತಂತ. ಬ್ಯಾಡಗ್ಯಾಗ ಖಾರ ಖಾಲಿ ಅಂದ್ರ ಏನ್ರಿ ಅರ್ಥ? ಮದುವಿ ಪೊಟ್ಟಣ ಎಲ್ಲಿ ಅದಾವ?"

"ನನ್ನ ಕಣ್ಣ ಮುಂದ ಅದಾವ."

"ನೀವೆಲ್ಲಿ ಅದೀರಿ?"

"ರಾಣೇಬೆನ್ನೂರಾಗ."

ಆ ಕಡೆಯಿಂದ ಬಹಳ ತಣ್ಣಗಿನ ದನಿ ಬಂತು. "ಅಡಿಗಿಯವರು ಒಲಿ ಹಚ್ಚಿ ಕುಂತಾರಂತ. ಹಂಗ ಸೀದಾ ಹಾವೇರಿಗೆ ನಡೀರಿ. ನಾನೂ ಕರ್ಜಗಿಯಿಂದ ಅಲ್ಲಿಗೇ ಬರ್ತೇನಿ."

ಚಾಲಕನ ಪಕ್ಕದ ಸೀಟಿನಲ್ಲಿ ಕೂಡುವ ಮುಖ ನನಗಿರಲಿಲ್ಲ. ಹಿಂದೆ ಪೊಟ್ಟಣಗಳ ಮೇಲೆ ಕುಳಿತೆ. ಹೆದ್ದಾರಿಯಲ್ಲಿ ಒಂದು ಉಬ್ಬು ಬಂತು, ನನ್ನ ಭಾರಕ್ಕೆ ಕೆಲವು ಪೊಟ್ಟಣ ಒಡೆದವು, ಗಾಳಿ ತನ್ನ ಕೆಲಸ ಮಾಡಿತು. ಹಾವೇರಿ ಬರುವಷ್ಟರಲ್ಲಿ ನನ್ನ ಕಣ್ಣು, ಮೂಗು ಎರಡೂ ಹೊಳೆಯಂತೆ ಹರಿಯುತ್ತಿದ್ದವು.

ಕಲ್ಯಾಣ ಮಂಟಪದ ಬಾಗಿಲಲ್ಲಿ ಬಿಕ್ಕುತ್ತ ಇಳಿದ ನನ್ನನ್ನು ನೋಡಿ ವಕೀಲರ ತಾಯಿ ಕರಗಿ ಹೋದರು.

"ನೋಡ್ರವ್ವಾ, ಖಾರ ಕೊಡಾಕ ಬಂದಾವ ಸೈತ ನಮ್ಮ ಹುಡುಗಿ ಗಂಡನ ಮನಿಗೆ ಹೊಂಟಾಳಂತ ಹೆಂಗ ಅಳಾಕತ್ತಾನ!"

ಅವರೂ ಅತ್ತರು. ಅವರನ್ನು ನೋಡಿ ಹೆಂಗಸರೆಲ್ಲ ಅತ್ತರು. ಮದುಮಗಳೂ ಅಳತೊಡಗಿದಳು. ಮದುವೆ ಇದ್ದದ್ದು ಮರುದಿನ! ಎಲ್ಲರ ನಡುವೆ ಕಣ್ಣೀರಿಲ್ಲದೆ ನಿಂತಿದ್ದವಳು ಗಿರಿಜಾ ಒಬ್ಬಳೇ. ಒಡೆಯದ ಪೊಟ್ಟಣ ಆರಿಸಿ ಅಡಿಗೆಯವರಿಗೆ ಕೊಟ್ಟಳು. ಪುಣ್ಯಕ್ಕೆ ಸಾಕಾದವು.

ಊರಿಗೆ ಬಂದ ಮೇಲೆ ಆಕೆ ಸಿಂಕ್ ಕಿತ್ತು ಹಾಕಲಿಲ್ಲ. 'ಹೊಸ ಆರ್ಡರ್ ಮಾತ್ರ' ಎಂದು ಒತ್ತಿ, ದಿನಕ್ಕೊಮ್ಮೆ ಓಡುವಂತೆ ಮಾಡಿದಳು. ಅಂದಿನಿಂದ ಅದು ಒಂದು ತಪ್ಪನ್ನೂ ಮಾಡಿಲ್ಲ. ನನಗೂ ಒಂದು ಪಾಸ್‌ವರ್ಡು ಕೊಟ್ಟಿದ್ದಾಳೆ. ಬಹಳ ಸಂತೋಷಪಟ್ಟು ಹಾಕಿ ನೋಡಿದೆ. ತೆರೆಯ ಮೇಲೆ ಅಂಗಡಿಯ ಮಾಲೀಕರು ಎಂದು ನನ್ನ ಹೆಸರೇ ಇದೆ. ಕೆಳಗೆ ಸಣ್ಣ ಅಕ್ಷರಗಳಲ್ಲಿ ನನ್ನ ಅಧಿಕಾರವೂ ಇದೆ: ನೋಡಬಹುದು, ಮುಟ್ಟುವಂತಿಲ್ಲ.