ದೀಪ ಆರಿಸಿದ ಗುಳ್ಳೆಯಣ್ಣ

ಬಸ್ ನಿಲ್ದಾಣದ ಹಣ್ಣಿನ ರಸದ ಮೆಷಿನ್ನು ಬೆಳ್ಳಂಬೆಳಿಗ್ಗೆ ಸೋರತೊಡಗಿತು. ಸೋರಿದ್ದು ರಸವಾಗಿದ್ದರೆ ಒರೆಸಿ ಸುಮ್ಮನಾಗಬಹುದಿತ್ತು. ಮೆಷಿನ್ನಿನ ಎರಡೂ ಪಕ್ಕದಲ್ಲಿ ಆಳೆತ್ತರದ ಗಾಜಿನ ಕೊಳವೆಗಳಿದ್ದವು. ಅವುಗಳಲ್ಲಿ ಗುಲಾಬಿ ಬಣ್ಣದ ದ್ರಾವಣ ತುಂಬಿ, ಹಿಂದೊಂದು ದೀಪವಿಟ್ಟು, ತಳದಿಂದ ಗುಳುಗುಳು ಗುಳ್ಳೆ ಏಳುವಂತೆ ಮಾಡಿದ್ದರು. ಕುಡಿಯುವುದಕ್ಕಲ್ಲ, ಬರೀ ಶೋಕಿಗೆ. ಆ ಗುಳ್ಳೆ ನೋಡುತ್ತ ನಿಂತ ಮಕ್ಕಳು ಒಂದು ಬಾಟಲಿ ಕೊಡಿಸಿಕೊಳ್ಳದೆ ಬಸ್ಸು ಹತ್ತುತ್ತಿರಲಿಲ್ಲ. ಮೆಷಿನ್ನಿಗೆ ಬಾಟಲಿ ತುಂಬಿ, ಗಾಜು ಒರೆಸಿ, ಕೆಟ್ಟಾಗ ರಿಪೇರಿ ಮಾಡುವವನನ್ನು ನಿಲ್ದಾಣದವರೆಲ್ಲ ಗುಳ್ಳೆಯಣ್ಣ ಎಂದೇ ಕರೆಯುತ್ತಿದ್ದರು.

ಈಗ ಎಡಗಡೆಯ ಕೊಳವೆ ಬಿರುಕು ಬಿಟ್ಟಿತ್ತು. ಗುಳ್ಳೆಯಣ್ಣ ಓಡಿಬಂದು ಬಿರುಕಿಗೆ ಅಂಗೈ ಒತ್ತಿ ಹಿಡಿದ.

ಕಾರಣವಿತ್ತು. "ಇನ್ನೊಂದು ಸಲ ಕೆಟ್ರೆ ಮೆಷಿನ್ ಎತ್ತಿಸ್ತೀನಿ, ನಿಮ್ಮನ್ನ ಇನ್ನೊಂದು ಶಾಖೆಗೆ ಹಾಕಿಸ್ತೀನಿ" ಎಂದು ಕಂಪನಿಯ ಸೂಪರ್‌ವೈಸರು ಹೋದ ವಾರವಷ್ಟೇ ಗದರಿದ್ದರು. ಆ ಇನ್ನೊಂದು ಶಾಖೆ ಇದ್ದದ್ದು ಗುಳ್ಳೆಯಣ್ಣನ ಮಾವನ ಊರಿನಲ್ಲಿ. ಹೆಂಡತಿ ಅಂದೇ ತವರಿಗೆ ಸುದ್ದಿ ಮುಟ್ಟಿಸಿದ್ದಳು. "ಬಾಡಿಗೆ ಮನೆ ಯಾಕ್ರೀ? ಅಪ್ಪನ ಮನೆ ಇಲ್ವಾ?" ಎಂದಿದ್ದಳು.

ಮಾವ ನಿವೃತ್ತ ವ್ಯಾಕರಣದ ಮೇಷ್ಟ್ರು. ಮನುಷ್ಯ ಬಂಗಾರದಂಥವರೇ, ಆದರೆ ಎದುರಿನವರು ಬಾಯಿ ಬಿಟ್ಟರೆ ತಿದ್ದದೆ ಬಿಡುವವರಲ್ಲ. ಹೋದ ಸಲ "ಸ್ವಲ್ಪ ನೀರ್ ಕೊಡ್ತೀರಾ ಮಾವ?" ಎಂದು ಕೇಳಿದ್ದಕ್ಕೆ, "ನೀರನ್ನು ಕೊಡುತ್ತೀರಾ" ಎಂದು ತಿದ್ದಿ, ಅಳಿಯ ಅದನ್ನು ನೆಟ್ಟಗೆ ಒಪ್ಪಿಸುವವರೆಗೂ ಲೋಟವನ್ನು ತಮ್ಮ ಕೈಯಲ್ಲೇ ಹಿಡಿದಿದ್ದರು. ಅಂಥವರ ಜೊತೆ ಒಂದೇ ಸೂರಿನಡಿ ಬಾಳುವುದಕ್ಕಿಂತ ಮೂಗನಾಗುವುದೇ ವಾಸಿ ಎಂದು ಗುಳ್ಳೆಯಣ್ಣನಿಗೆ ಅನಿಸಿತ್ತು.

ಬೇರೆ ದಾರಿಯಿಲ್ಲದೆ ಸೂಪರ್‌ವೈಸರಿಗೆ ಫೋನ್ ಹಚ್ಚಿದ.

"ಆ ಕೊಳವೆ ಈಗ ಎಲ್ಲೂ ಸಿಗಲ್ಲ ರೀ. ಸದ್ಯಕ್ಕೆ ದೀಪ ಆರಿಸಿಬಿಡಿ. ಸಂಜೆ ಬಂದು ನೋಡ್ತೀನಿ" ಎಂದು ಅವರು ಫೋನ್ ಇಟ್ಟರು.

ಗುಳ್ಳೆಯಣ್ಣನ ಮುಖ ಅರಳಿತು. "ಅಕ್ಕಾ, ಹೊಸ ದೀಪ ಆರಿಸೋಕೆ ನನಗೇ ಬಿಟ್ಟಿದ್ದಾರೆ!" ಎಂದು ಟಿಕೆಟ್ ಕೌಂಟರಿನ ಅಕ್ಕನಿಗೆ ಕೂಗಿ ಹೇಳಿದ.

ಆರಿಸುವ ಕೆಲಸವೆಂದರೆ ಯಾರು ತಾನೇ ಸುಮ್ಮನಿರುತ್ತಾರೆ? ಅಕ್ಕ ಕೌಂಟರ್ ಮುಚ್ಚಿಕೊಂಡು ಬಂದಳು. ಗಡಿಯಾರ ರಿಪೇರಿಯ ತಾತ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ಸಮೇತ ಹೊರಟ. ಮೂವರೂ ರಸ್ತೆ ದಾಟಿ ಎಲೆಕ್ಟ್ರಿಕ್ ಅಂಗಡಿಗೆ ನುಗ್ಗಿದರು. ಅಲ್ಲಿ ಗುಳ್ಳೆಯಣ್ಣನ ಕಣ್ಣಿಗೆ ಬಿದ್ದದ್ದು ಹಗ್ಗದ ದೀಪ. ಮೆತ್ತನೆಯ ಪ್ಲಾಸ್ಟಿಕ್ ಕೊಳವೆಯೊಳಗೆ ಪುಟ್ಟ ಪುಟ್ಟ ಬಲ್ಬು ಪೋಣಿಸಿದ್ದು, ಹೇಗೆ ಬೇಕಾದರೂ ಬಾಗುತ್ತಿತ್ತು.

"ನೀಲಿ ತಗೊಳ್ಳಿ, ತಂಪಾಗಿರುತ್ತೆ" ಎಂದಳು ಅಕ್ಕ.

"ನೀಲಿ ನೋಡಿದ್ರೆ ನನಗೆ ನೆಗಡಿ ಬರುತ್ತೆ. ಕೆಂಪೇ ಇರಲಿ" ಎಂದ ತಾತ.

ಇಬ್ಬರ ಜಗಳದಲ್ಲಿ ಅಂಗಡಿಯವನು ಬಹಳ ದಿನದಿಂದ ಮಾರಾಟವಾಗದೆ ಬಿದ್ದಿದ್ದ ಸುರುಳಿಯೊಂದನ್ನು ಕೆಳಗಿಳಿಸಿದ. "ಇದರಲ್ಲಿ ಎಲ್ಲ ಬಣ್ಣನೂ ಇದೆ. ಮೇಲಾಗಿ ಬೆಳಕು ಓಡುತ್ತೆ. ಆದ್ರೆ ಕತ್ತರಿಸಿ ಕೊಡಲ್ಲ, ಇಡೀ ಸುರುಳಿ ಒಯ್ಯಬೇಕು."

ಗುಳ್ಳೆಯಣ್ಣ ಸುರುಳಿಯನ್ನು ಹೆಗಲಿಗೇರಿಸಿ ತಂದ. ಮೆಷಿನ್ನಿನ ಪ್ಲಗ್ ಕಿತ್ತು, ಕೊಳವೆಗಳನ್ನು ಬಿಚ್ಚಿ, ದ್ರಾವಣವನ್ನೆಲ್ಲ ಬಕೆಟ್ಟಿಗೆ ಸುರಿದು ಪಕ್ಕಕ್ಕಿಟ್ಟ. ಅವನು ಏಣಿ ಹತ್ತಿದ್ದೇ ತಡ, ಕಸ ಗುಡಿಸುವ ಅಮ್ಮ ಬಂದು ಬಕೆಟ್ ನೋಡಿದಳು. ಆಫೀಸಿನವರು ಕೊನೆಗೂ ಒಳ್ಳೆಯ ಫಿನಾಯಿಲ್ ಕಳಿಸಿದರೆಂದು ಹಿಗ್ಗಿ, ನಿಲ್ದಾಣದ ಒಳಾಂಗಣವನ್ನೆಲ್ಲ ಅದರಲ್ಲೇ ಒರೆಸಿದಳು. ನೆಲ ಗುಲಾಬಿಯಾಗಿ ಫಳಫಳಿಸಿತು, ಜೊತೆಗೆ ಎಣ್ಣೆ ಹಚ್ಚಿದಂತೆ ಜಾರತೊಡಗಿತು. ಕಂಡಕ್ಟರನೊಬ್ಬ ಬಾಗಿಲಲ್ಲಿ ಕಾಲಿಟ್ಟವನು ವಿಚಾರಣೆ ಕೌಂಟರಿನ ಮುಂದೆ ಕೂತ ಭಂಗಿಯಲ್ಲಿ ಹೋಗಿ ನಿಂತ.

"ಏನು ವಿಚಾರಿಸ್ಬೇಕಿತ್ತು?" ಎಂದು ಒಳಗಿನವರು ಕೇಳಿದರು.

"ನನ್ನ ಸೊಂಟ ಎಲ್ಲಿದೆ ಅಂತ!" ಎಂದ ಅವನು.

ಅಮ್ಮನಿಗೆ ಕೈಮುಗಿದು, ಮರದ ಪುಡಿ ಹಾಕಿ ನೆಲ ಉಜ್ಜಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಗುಳ್ಳೆಯಣ್ಣ ಕೊಳವೆಯಿದ್ದ ಜಾಗಗಳಲ್ಲಿ ಹಗ್ಗದ ದೀಪವನ್ನು ಮೇಲೆ ಕೆಳಗೆ ಸುತ್ತಿ ಸಿಕ್ಕಿಸಿದ. ಮುಕ್ಕಾಲು ಸುರುಳಿ ಉಳಿದೇ ಇತ್ತು. "ವೇಸ್ಟ್ ಯಾಕೆ ಮಾಡ್ತೀರಾ? ನನ್ನ ಕೌಂಟರಿಗೂ ಒಂದು ಸುತ್ತು ಬರಲಿ" ಎಂದಳು ಅಕ್ಕ. ಅವಳ ಕಿಟಕಿಯನ್ನು ಸುತ್ತಿ, ಗೋಡೆಯುದ್ದಕ್ಕೂ ಎಳೆದು ತಂದು, ಉಳಿದದ್ದನ್ನೆಲ್ಲ ಮೆಷಿನ್ನಿಗೇ ಸುತ್ತಿದ. ಪ್ಲಗ್ ಹಾಕಿದ.

ಬೆಳಕು ಟಿಕೆಟ್ ಕೌಂಟರಿನಿಂದ ಹೊರಟು ಗೋಡೆಯುದ್ದಕ್ಕೂ ಓಡಿ, ಮೆಷಿನ್ನಿಗೆ ಬಂದು ಸೇರತೊಡಗಿತು. ನೋಡಲು ಚಂದವೇ. ಆದರೆ ಕೌಂಟರ್ ಮುಂದಿದ್ದ ಜನ, "ಟಿಕೆಟ್ ಆ ಕಡೆಗೆ ಹೋಗಿದೆ" ಎಂದುಕೊಂಡು ಬೆಳಕಿನ ಹಿಂದೆಯೇ ನಡೆದು ಮೆಷಿನ್ ಮುಂದೆ ಸಾಲು ನಿಂತರು. ಒಬ್ಬರು ನಾಣ್ಯ ಹಾಕಿ ಗುಂಡಿ ಒತ್ತಿದರು, ದಡಾರನೆ ಬಾಟಲಿ ಬಿತ್ತು. ಹಿಂದಿನವರು, "ಈಗ ಟಿಕೆಟ್ ಜೊತೆ ಇದನ್ನೂ ಕೊಡ್ತಾರಂತೆ" ಎಂದರು. ಅದರ ಹಿಂದಿನವರು, "ಇದನ್ನ ತೋರಿಸಿದ್ರೇನೇ ಟಿಕೆಟ್ ಅಂತೆ" ಎಂದರು. ಗುಳ್ಳೆಯಣ್ಣ ಗಂಟಲು ಹರಿಯುವಂತೆ ಕೂಗಿದ. ಕೇಳುವವರಾರು?

ಸಂಜೆ ಸೂಪರ್‌ವೈಸರು ಬಂದು ಬಾಗಿಲಲ್ಲೇ ಬಾಯಿ ತೆರೆದು ನಿಂತರು.

"ಏನ್ರೀ ಇದು? ದೀಪ ಆರಿಸಿ ಅಂದಿದ್ದೆ!"

"ಆರಿಸಿದ್ದೀನಲ್ಲ ಸಾರ್. ಮೂರು ಜನ ಸೇರಿ ಆರಿಸಿದ್ವಿ."

"ಅಯ್ಯೋ ಪುಣ್ಯಾತ್ಮ! ಆರಿಸಿ ಅಂದ್ರೆ ಸ್ವಿಚ್ ಆಫ್ ಮಾಡಿ ಅಂತ! ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟೋ ಆಸಾಮಿ ನೀವು!" ಎಂದು ಹಣೆ ಚಚ್ಚಿಕೊಂಡ ಅವರು ಮೆಷಿನ್ನಿನ ಬಾಗಿಲು ತೆರೆದರು. ಒಳಗೆ ಒಂದೇ ಒಂದು ಬಾಟಲಿ ಇರಲಿಲ್ಲ. ಅವರು ಬಗ್ಗಿ ಒಳಗೆಲ್ಲ ಇಣುಕಿದರು. ಬೈಗುಳ ನಿಂತುಹೋಯಿತು.

"ಎಲ್ಲಾ ಮಾರಾಟ ಆಯ್ತಾ?"

"ಹೂಂ ಸಾರ್."

ಸೂಪರ್‌ವೈಸರು ಗಂಟಲು ಸರಿಮಾಡಿಕೊಂಡರು. "ನಾನು ಹೇಳಿದ್ದೂ ಒಂದು ರೀತೀಲಿ ಅದೇ ಅನ್ನಿ. ಮೆಷಿನ್ ಇಲ್ಲೇ ಇರಲಿ. ನೀವೂ ಇಲ್ಲೇ ಇರಿ. ವರ್ಗ ಗಿರ್ಗ ಏನೂ ಇಲ್ಲ."

ಗುಳ್ಳೆಯಣ್ಣನಿಗೆ ಸ್ವರ್ಗ ಮೂರೇ ಗೇಣು. ಹೆಂಡತಿಗೆ ಫೋನ್ ಮಾಡಿ ತಿಳಿಸಿದ. ಅಕ್ಕನಿಗೂ ತಾತನಿಗೂ ಚಹಾ ಕೊಡಿಸಿದ. ಇನ್ನೇನು ಮನೆಗೆ ಹೊರಡಬೇಕು, ಅಷ್ಟರಲ್ಲಿ ಫೋನ್ ಬಂತು. ಮಾವ!

"ವರ್ಗಾವಣೆ ರದ್ದಾಯಿತೆಂದು ಮಗಳು ತಿಳಿಸಿದಳು, ಅಳಿಯಂದಿರೇ."

"ಹೌದು ಮಾವ. ಬೇಜಾರು ಮಾಡ್ಕೋಬೇಡಿ" ಎಂದ ಗುಳ್ಳೆಯಣ್ಣ. ದೂರವೇ ಉಳಿದ ಖುಷಿಯಲ್ಲಿ ಅವನಿಗೆ ಮಾವನ ಮೇಲೆ ನಿಜವಾಗಿಯೂ ಪ್ರೀತಿ ಉಕ್ಕಿತು. "ರಜಾ ಸಿಕ್ಕಾಗ ಬರ್ತೀನಿ."

"ಬರುತ್ತೇನೆ" ಎಂದರು ಮಾವ.

"ಕ್ಷಮಿಸಿ ಮಾವ. ಬರುತ್ತೇನೆ."

"ನಾನು ತಿದ್ದುತ್ತಿಲ್ಲ. ನಾನು ಬರುತ್ತೇನೆ. ಉತ್ತಮ ಪುರುಷ, ಏಕವಚನ. ನೀವು ಬರುವಿರೆಂದು ನಿಮಗಾಗಿ ಕೋಣೆ ಕಟ್ಟಿಸಲು ಮನೆಯ ಚಾವಣಿ ಬಿಚ್ಚಿಸಿಬಿಟ್ಟಿದ್ದೇನೆ. ಇಲ್ಲಿ ಮಲಗಲು ಜಾಗವಿಲ್ಲ. ಈಗಾಗಲೇ ಬಸ್ಸಿನಲ್ಲಿ ಕುಳಿತಿದ್ದೇನೆ."

ಗುಳ್ಳೆಯಣ್ಣ ನಿಲ್ದಾಣಕ್ಕೆ ಬರುತ್ತಿದ್ದ ಬಸ್ಸುಗಳತ್ತ ತಿರುಗಿದ. ಅವನ ಹಿಂದೆ ಕೆಂಪು, ನೀಲಿ, ಹಸಿರು ಬೆಳಕು ಹರುಷದಿಂದ ಓಡುತ್ತಲೇ ಇತ್ತು.

"ಎಷ್ಟು ದಿನ ಇರ್ತೀರಿ ಮಾವ?"

"ಇರುತ್ತೀರಿ" ಎಂದರು ಮಾವ.

ಈ ಸಲ ಅದು ತಿದ್ದುಪಡಿಯೇ. ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ.